ಪಿಟೀಲಿನ ಮೆಚ್ಚಿನ ಧ್ವನಿಮುದ್ರಣಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ದೊಡ್ಡ ಪಿಟೀಲು ವಾದಕರ ಧ್ವನಿಮುದ್ರಣಗಳ ಬಗ್ಗೆ ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇವು. ಕೇಳಿದವರ ಮಾತನ್ನು ಹಾಗೇ ಉಳಿಸಿಕೊಂಡಿದ್ದೇವೆ. ಹೊಸಬರು ಮೇಲಿನಿಂದ ಓದಿಕೊಂಡು ಬನ್ನಿ, ಕಿವಿ ಪಳಗಿದವರು ನೇರವಾಗಿ ಕೊನೆಯ ಭಾಗಕ್ಕೆ ಹೋಗಬಹುದು. ಒಂದು ಮಾತು ಮಾತ್ರ ಎಲ್ಲರಿಗೂ ಅನ್ವಯಿಸುತ್ತದೆ: ವಾದಕರ ಹೆಸರೊಂದೇ ಸಾಲದು, ಇಸವಿ ನೋಡಿ.

## ಈಗಷ್ಟೇ ಶುರು ಮಾಡುವವರಿಗೆ

ಇದುವರೆಗೆ ಒಂದು ಕಾನ್ಸರ್ಟೊ ಕೂಡ ಪೂರ್ತಿ ಕೇಳಿಲ್ಲ. ಯಾವುದರಿಂದ ಶುರು ಮಾಡಲಿ?

ಮೆಂಡೆಲ್ಸನ್ ಬರೆದ ಇ ಮೈನರ್ ಕಾನ್ಸರ್ಟೊದಿಂದ. ಮೂರು ಭಾಗ ಸೇರಿದರೂ ಅರ್ಧ ಗಂಟೆ ದಾಟುವುದಿಲ್ಲ. ಅನೇಕ ಕಾನ್ಸರ್ಟೊಗಳಲ್ಲಿ ವಾದ್ಯವೃಂದ ನಿಮಿಷಗಟ್ಟಲೆ ನುಡಿಸಿದ ಮೇಲೆ ಪಿಟೀಲು ಬಾಯಿ ತೆರೆಯುತ್ತದೆ. ಇಲ್ಲಿ ಕೆಲವೇ ಸೆಕೆಂಡುಗಳಲ್ಲಿ ಬಂದುಬಿಡುತ್ತದೆ, ಹಾಗಾಗಿ ಕಾಯುವ ಬೇಸರ ಇಲ್ಲ.

ಮೊದಲು ಯೆಹೂದಿ ಮೆನುಹಿನ್ 1952ರಲ್ಲಿ ಫುರ್ಟ್‌ವೆಂಗ್ಲರ್ ನಿರ್ದೇಶನದ ಬರ್ಲಿನ್ ಫಿಲ್‌ಹಾರ್ಮೋನಿಕ್ ಜೊತೆ ನುಡಿಸಿದ್ದನ್ನು ಕೇಳಿ. ಒಂದು ವಾರ ಬಿಟ್ಟು ಯಾಶಾ ಹೈಫೆಟ್ಸ್ 1959ರಲ್ಲಿ ಮುಂಶ್ ಮತ್ತು ಬಾಸ್ಟನ್ ಸಿಂಫನಿ ಜೊತೆ ನುಡಿಸಿದ್ದನ್ನು ಕೇಳಿ. ಮೊದಲನೆಯದು ಉಸಿರು ತೆಗೆದುಕೊಂಡು ಹಾಡಿದಂತೆ, ಎರಡನೆಯದು ಕತ್ತಿಯ ಅಲಗಿನ ಹಾಗೆ.

ಎರಡರಲ್ಲೂ ಗಮನಿಸಬೇಕಾದ ಜಾಗ ಮೊದಲ ಭಾಗದ ನಡುವೆ ಇದೆ. ಪಿಟೀಲು ಒಂಟಿಯಾಗಿ ನುಡಿಸುತ್ತಾ ನಾಲ್ಕೂ ತಂತಿಗಳ ಮೇಲೆ ಕಮಾನನ್ನು ಪುಟಿಸಲು ಶುರು ಮಾಡುತ್ತದೆ. ಆ ಪುಟಿತ ನಿಲ್ಲುವ ಮೊದಲೇ ಅದರ ಅಡಿಯಿಂದ ವಾದ್ಯವೃಂದ ಮೊದಲಿನ ರಾಗವನ್ನು ಮೆಲ್ಲಗೆ ಎತ್ತಿಕೊಳ್ಳುತ್ತದೆ. ಅಷ್ಟು ಹೊತ್ತು ನಾಯಕನಾಗಿದ್ದ ಪಿಟೀಲು ಅರೆಕ್ಷಣದಲ್ಲಿ ಪಕ್ಕವಾದ್ಯವಾಗುತ್ತದೆ.

ಕಾನ್ಸರ್ಟೊ, ಸೊನಾಟಾ, ಪಾರ್ಟಿಟಾ, ಕಡೆನ್ಜಾ ಅಂತೆಲ್ಲ ಬರೀತಾರೆ. ಏನು ವ್ಯತ್ಯಾಸ?

ಕಾನ್ಸರ್ಟೊ ಎಂದರೆ ಒಬ್ಬ ಮುಖ್ಯ ವಾದಕ ಮತ್ತು ವಾದ್ಯವೃಂದ. ಸೊನಾಟಾ ಸಾಮಾನ್ಯವಾಗಿ ಪಿಟೀಲು ಮತ್ತು ಪಿಯಾನೊ ಸರಿಸಮವಾಗಿ ನುಡಿಸುವ ಕೃತಿ, ಆದರೆ ಬಾಖ್‌ನಂಥವರು ಒಂಟಿ ಪಿಟೀಲಿಗೂ ಸೊನಾಟಾ ಬರೆದಿದ್ದಾರೆ. ಪಾರ್ಟಿಟಾ ನೃತ್ಯದ ನಡೆಗಳ ಗೊಂಚಲು. ಕಡೆನ್ಜಾ ಎಂದರೆ ಕಾನ್ಸರ್ಟೊ ನಡುವೆ ವಾದ್ಯವೃಂದ ಸುಮ್ಮನಾಗಿ ವಾದಕರಿಗೆ ಮಾತ್ರ ಬಿಟ್ಟುಕೊಟ್ಟ ಜಾಗ.

ಆ್ಯಪ್‌ನಲ್ಲಿ ಹುಡುಕಿದರೆ ಒಬ್ಬರದೇ ಒಂದೇ ಕೃತಿ ನಾಲ್ಕು ಕಡೆ ಬರುತ್ತೆ. ಸರಿಯಾದದ್ದು ಯಾವುದು ಅಂತ ಗೊತ್ತಾಗೋದು ಹೇಗೆ?

ವಾದಕರು, ವಾದ್ಯವೃಂದದ ನಿರ್ದೇಶಕರು, ವಾದ್ಯವೃಂದ, ಧ್ವನಿಮುದ್ರಣವಾದ ಇಸವಿ: ಈ ನಾಲ್ಕೂ ಹೊಂದಬೇಕು. ಹೈಫೆಟ್ಸ್ ಸಿಬೆಲಿಯಸ್ ಕಾನ್ಸರ್ಟೊವನ್ನು 1935ರಲ್ಲಿ ಬೀಚಮ್ ಜೊತೆ ಲಂಡನ್ನಿನಲ್ಲೂ, 1959ರಲ್ಲಿ ವಾಲ್ಟರ್ ಹೆಂಡ್ಲ್ ಜೊತೆ ಷಿಕಾಗೊದಲ್ಲೂ ಮುದ್ರಿಸಿದ್ದಾರೆ. ಮೆನುಹಿನ್ ಮತ್ತು ಫುರ್ಟ್‌ವೆಂಗ್ಲರ್ ಜೋಡಿಯ ಬೀಥೋವನ್ 1947ರದ್ದೂ ಇದೆ, 1953ರದ್ದೂ ಇದೆ. ವಾದಕ, ನಿರ್ದೇಶಕ ಇಬ್ಬರೂ ಅವರೇ, ವಾದ್ಯವೃಂದ ಮಾತ್ರ ಬೇರೆ.

ಮೋಸ ಹೋಗುವ ಜಾಗಗಳು ಮೂರು. ಆ್ಯಪ್ ತೋರಿಸುವ ಇಸವಿ ಬಹಳ ಸಲ ಮರುಬಿಡುಗಡೆಯದ್ದು. 2011 ಎಂದಿದ್ದರೂ ಒಳಗಿರುವುದು 1955ರ ವಾದನ ಆಗಿರಬಹುದು. ಎರಡನೆಯದು ಅವಧಿ: ಬೀಥೋವನ್ ಕಾನ್ಸರ್ಟೊ ಸುಮಾರು 40ರಿಂದ 45 ನಿಮಿಷ. ಹತ್ತೇ ನಿಮಿಷ ಇದ್ದರೆ ಅದು ಒಂದು ಭಾಗದ ತುಣುಕು. ಮೂರನೆಯದು, ಹಾಡುಗಳ ನಡುವೆ ವಿರಾಮ ಹಾಕುವ ಸೆಟ್ಟಿಂಗ್. ಮೆಂಡೆಲ್ಸನ್‌ನಲ್ಲಿ ಮೊದಲ ಭಾಗ ಮುಗಿದಾಗ ಬಸೂನ್ ಎಂಬ ಊದುವ ವಾದ್ಯ ಒಂದು ಸ್ವರವನ್ನು ಹಿಡಿದು ನಿಲ್ಲಿಸಿ ಅಲ್ಲಿಂದ ಅರ್ಧ ಸ್ವರ ಮೇಲೇರಿ ಎರಡನೆಯ ಭಾಗಕ್ಕೆ ದಾಟಿಸುತ್ತದೆ. ನಡುವೆ ಎರಡು ಸೆಕೆಂಡು ಮೌನ ಬಿದ್ದರೆ ಆ ಸೇತುವೆಯೇ ಮುರಿದುಬೀಳುತ್ತದೆ. ವಿರಾಮ ತೆಗೆದುಹಾಕಿ, ಷಫಲ್ ಆಫ್ ಮಾಡಿ.

ಎಲ್ಲರೂ ಹೈಫೆಟ್ಸ್ ಹೈಫೆಟ್ಸ್ ಅಂತಾರೆ. ನನಗೆ ಮಾತ್ರ ತಣ್ಣಗೆ, ಭಾವನೆಯೇ ಇಲ್ಲದ ಹಾಗೆ ಕೇಳುತ್ತೆ. ನನ್ನ ಕಿವಿಯದೇ ತಪ್ಪಾ?

ತಪ್ಪಲ್ಲ, ಆದರೆ ಅದಕ್ಕೆ ಕಾರಣಗಳಿವೆ. ಅವರ 1950ರ ದಶಕದ ಮುದ್ರಣಗಳಲ್ಲಿ ಪಿಟೀಲು ತುಂಬ ಹತ್ತಿರದಿಂದ ಕೇಳುತ್ತದೆ. ಕಮಾನು ತಂತಿಯನ್ನು ಕಚ್ಚುವ ಸದ್ದು, ರಾಳದ ಗರಗರ ಎಲ್ಲ ನೇರ ಕಿವಿಗೆ ಬೀಳುವುದರಿಂದ ಧ್ವನಿ ಒರಟೆನಿಸುತ್ತದೆ. ಜೊತೆಗೆ ಅವರು ಹೆಚ್ಚಿನವರಿಗಿಂತ ವೇಗವಾಗಿ ನುಡಿಸುತ್ತಾರೆ. ಭಾವ ಇರುವುದು ಸ್ವರಗಳ ನಡುವೆ: ಬೆರಳು ಜಾರುವ ರೀತಿಯಲ್ಲಿ, ಒಂದೇ ದೀರ್ಘ ಸ್ವರದಲ್ಲಿ ಕಂಪನದ ವೇಗ ಬದಲಾಗುವುದರಲ್ಲಿ. ಕಾನ್‌ಗೋಲ್ಡ್ ಕಾನ್ಸರ್ಟೊದ 1953ರ ಮುದ್ರಣವನ್ನು (ಆಲ್ಫ್ರೆಡ್ ವಾಲೆನ್‌ಸ್ಟೈನ್, ಲಾಸ್ ಏಂಜಲಿಸ್ ಫಿಲ್‌ಹಾರ್ಮೋನಿಕ್) ತಗ್ಗಿದ ಧ್ವನಿಯಲ್ಲಿ, ಸ್ಪೀಕರಿನಿಂದ ಸ್ವಲ್ಪ ದೂರ ಕೂತು ಕೇಳಿ. ಅಲ್ಲೂ ತಣ್ಣಗನಿಸಿದರೆ ಡೇವಿಡ್ ಓಯಿಸ್ಟ್ರಾಖ್ ಕಡೆ ಹೋಗಿ. ಅದರಲ್ಲಿ ನಷ್ಟವೇನಿಲ್ಲ.

ವಿವಾಲ್ಡಿಯ 'ಫೋರ್ ಸೀಸನ್ಸ್' ಎಲ್ಲ ರೆಕಾರ್ಡಿಂಗೂ ಒಂದೇ ಥರ ಅಲ್ವಾ?

ಅಲ್ಲವೇ ಅಲ್ಲ. 'ವಸಂತ'ದ ನಿಧಾನ ಭಾಗವನ್ನು ಹಾಕಿ ನೋಡಿ. ಮುಖ್ಯ ಪಿಟೀಲು ನಿದ್ದೆಹೋದ ಮೇಕೆ ಕಾಯುವವ, ಉಳಿದ ಪಿಟೀಲುಗಳು ಎಲೆಗಳ ಸರಸರ, ವಯೋಲಾ (ಪಿಟೀಲಿಗಿಂತ ಸ್ವಲ್ಪ ದೊಡ್ಡ ತಂತಿವಾದ್ಯ) ಬೊಗಳುವ ನಾಯಿ. ವಯೋಲಾ ಇಲ್ಲಿ ಜೋರಾಗಿ, ಕಿತ್ತು ನುಡಿಸಬೇಕೆಂದು ವಿವಾಲ್ಡಿಯೇ ಬರೆದಿದ್ದಾನೆ. ಇ ಮುಸಿಚಿ ತಂಡ ಫೆಲಿಕ್ಸ್ ಆಯೊ ಜೊತೆ 1959ರಲ್ಲಿ ಮಾಡಿದ ಮುದ್ರಣ ರೇಷ್ಮೆಯಂತಿದೆ, ಅಲ್ಲಿ ನಾಯಿ ಸಭ್ಯವಾಗಿದೆ. ಫಾಬಿಯೊ ಬಿಯೊಂಡಿ 'ಯೂರೋಪಾ ಗಲಾಂತೆ' ತಂಡದೊಂದಿಗೆ ಮಾಡಿದ 1991ರ ಮುದ್ರಣದಲ್ಲಿ ನಾಯಿ ನಿಜಕ್ಕೂ ಬೊಗಳುತ್ತದೆ. ನಮ್ಮ ಒಲವು ಎರಡನೆಯದರ ಕಡೆಗೆ.

## ಸ್ವಲ್ಪ ಕಿವಿ ಪಳಗಿದ ಮೇಲೆ

ಬೀಥೋವನ್ ಕಾನ್ಸರ್ಟೊಗೆ ಯಾರನ್ನು ಕೇಳಬೇಕು? ಒಂದೇ ಹೆಸರು ಹೇಳಿ.

ಒಂದೇ ಆದರೆ: ಫ್ರಿಟ್ಸ್ ಕ್ರೈಸ್ಲರ್, 1926, ಲೇಯೊ ಬ್ಲೆಕ್, ಬರ್ಲಿನ್ ಸ್ಟೇಟ್ ಆಪೆರಾ ವಾದ್ಯವೃಂದ. ಕ್ರೈಸ್ಲರ್ ಇದನ್ನೇ 1936ರಲ್ಲಿ ಬಾರ್ಬಿರೋಲಿ ಜೊತೆ ಲಂಡನ್ನಿನಲ್ಲಿ ಮತ್ತೆ ಮುದ್ರಿಸಿದರು. ಎರಡನೆಯದರಲ್ಲಿ ವಾದ್ಯವೃಂದ ಸ್ಪಷ್ಟ, ಮೊದಲನೆಯದರಲ್ಲಿ ಪಿಟೀಲು ಹೆಚ್ಚು ಭದ್ರ.

ಈ ಕೃತಿ ಶುರುವಾಗುವುದು ಟಿಂಪನಿ ಎಂಬ ನಗಾರಿಯ ಐದು ಮೆಲು ಬಡಿತದಿಂದ. ಪಿಟೀಲು ಬರಲು ಸುಮಾರು ಮೂರು ನಿಮಿಷ ಕಾಯಬೇಕು, ಬಂದಾಗಲೂ ರಾಗ ಹಾಡುವುದಿಲ್ಲ. ಎರಡು ಸ್ಥಾಯಿಯ ಸ್ವರಗಳನ್ನು ಜೋಡಿಯಾಗಿ ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತದೆ. ಸ್ವಲ್ಪ ಅಪಶ್ರುತಿಯಾದರೂ ಕಿವಿಗೆ ಚುಚ್ಚುವ ಜಾಗ ಅದು. ಮೂರು ನಿಮಿಷ ಸುಮ್ಮನೆ ನಿಂತು ತಣ್ಣಗಾದ ಬೆರಳುಗಳಿಂದ ಅದನ್ನು ನುಡಿಸಬೇಕು. ಯಾವ ಮುದ್ರಣ ಸಿಕ್ಕರೂ ಮೊದಲು ಈ ಜಾಗ ಕೇಳಿ. ಕ್ರೈಸ್ಲರ್ ಅದನ್ನು ಯಾರಿಗೂ ಏನನ್ನೂ ಸಾಧಿಸಿ ತೋರಿಸಬೇಕಿಲ್ಲ ಎಂಬ ನೆಮ್ಮದಿಯಲ್ಲಿ ಹತ್ತುತ್ತಾರೆ. ಹೈಫೆಟ್ಸ್ (1955, ಮುಂಶ್) ನಿಲ್ಲದೆ ಹತ್ತಿಬಿಡುತ್ತಾರೆ. ಓಯಿಸ್ಟ್ರಾಖ್ (1958, ಕ್ಲೂಟಾನ್ಸ್) ಪ್ರತಿ ಮೆಟ್ಟಿಲ ಮೇಲೂ ಭಾರ ಊರುತ್ತಾರೆ.

ಕೊನೆಯ ಭಾಗದ ಮೊದಲ ರಾಗವನ್ನು ಮಂದ್ರದ ಜಿ ತಂತಿಯ ಮೇಲೇ ನುಡಿಸಬೇಕೆಂದು ಬೀಥೋವನ್ ಬರೆದಿದ್ದಾನೆ. ಅದೇ ರಾಗ ಮರುಕ್ಷಣ ಎರಡು ಸ್ಥಾಯಿ ಮೇಲೆ ಕೇಳಿಸುತ್ತದೆ. ಈ ಎರಡು ಬಣ್ಣಗಳ ನಡುವಿನ ಅಂತರ ಚೆನ್ನಾಗಿ ಕೇಳಿಸುವ ಮುದ್ರಣವೇ ಒಳ್ಳೆಯ ಮುದ್ರಣ.

ಅದೇ ಬೀಥೋವನ್‌ನಲ್ಲಿ ಕಡೆನ್ಜಾ ಒಬ್ಬೊಬ್ಬರದು ಒಂದೊಂದು ಥರ ಇದೆ. ಕೆಲವರು ಟಿಂಪನಿ ಕೂಡ ಸೇರಿಸಿಕೊಳ್ತಾರೆ. ಯಾಕೆ?

1806ರಲ್ಲಿ ಬರೆದ ಪಿಟೀಲಿನ ಈ ಕೃತಿಗೆ ಬೀಥೋವನ್ ಕಡೆನ್ಜಾ ಬರೆದಿಡಲಿಲ್ಲ. ಕ್ರೈಸ್ಲರ್ ಬರೆದದ್ದು ಇಂದಿಗೂ ಹೆಚ್ಚು ಬಳಕೆಯಲ್ಲಿದೆ. ಎರಡು ರಾಗಗಳನ್ನು ಒಂದರ ಮೇಲೊಂದು ಏಕಕಾಲಕ್ಕೆ ನುಡಿಸುವ ಜಾಗ ಅದರ ತುದಿ. ಆದರೆ ಬೀಥೋವನ್ ಇದೇ ಕೃತಿಯನ್ನು ಪಿಯಾನೊಗೆ ಬದಲಿಸಿದಾಗ ಟಿಂಪನಿ ಸಹಿತವಾದ ಕಡೆನ್ಜಾ ಬರೆದ. ವುಲ್ಫ್‌ಗಾಂಗ್ ಶ್ನೈಡರ್‌ಹಾನ್ ಅದನ್ನೇ ಪಿಟೀಲಿಗೆ ಒಗ್ಗಿಸಿ 1962ರಲ್ಲಿ ಯೋಕುಮ್ ಜೊತೆ ಮುದ್ರಿಸಿದರು. ಪಟ್ರಿಷಿಯಾ ಕೊಪಾಚಿನ್ಸ್‌ಕಾಯಾ ಹೆರೆವೆಘೆ ಜೊತೆ ಮಾಡಿದ ಮುದ್ರಣದಲ್ಲೂ ಮೂಲ ಅದೇ. ಗಿಡಾನ್ ಕ್ರೇಮರ್ ಮ್ಯಾರಿನರ್ ಜೊತೆ ನುಡಿಸಿದಾಗ ಷ್ನಿಟ್ಕೆ ಬರೆದ ಕಡೆನ್ಜಾ ಆರಿಸಿಕೊಂಡರು. ಬೀಥೋವನ್ ಕೇಳುತ್ತಿರುವಾಗ ಇಪ್ಪತ್ತನೆಯ ಶತಮಾನ ಒಳನುಗ್ಗಿದಂತೆ ಅನಿಸುತ್ತದೆ.

ಬಾಖ್‌ನ ಒಂಟಿ ಪಿಟೀಲಿನ ಆರು ಕೃತಿ ಕೇಳಲು ಕೂತರೆ ಎರಡನೆಯದಕ್ಕೇ ಸುಸ್ತಾಗುತ್ತೆ. ಹೇಗೆ ಕೇಳಬೇಕು?

ಆರನ್ನೂ ಸಾಲಾಗಿ ಕೇಳಬೇಡಿ. ಎರಡು ಗಂಟೆ ಮೀರುತ್ತದೆ. ಮೊದಲ ದಿನ ಮೂರನೆಯ ಪಾರ್ಟಿಟಾದ ಪ್ರೆಲೂಡ್ ಮಾತ್ರ, ನಾಲ್ಕು ನಿಮಿಷದೊಳಗೆ ಮುಗಿಯುತ್ತದೆ. ಆಮೇಲೆ ಮೊದಲ ಸೊನಾಟಾದ ಅಡಾಜಿಯೊ. ಎರಡನೆಯ ಪಾರ್ಟಿಟಾದ ಕೊನೆಯ ಭಾಗ ಷಾಕೋನ್‌ಗೆ ಬೇರೆಯೇ ಒಂದು ಸಂಜೆ ಇಟ್ಟುಕೊಳ್ಳಿ.

ಷಾಕೋನ್‌ನಲ್ಲಿ ನಾಲ್ಕು ಬಾರ್‌ಗಳ (ತಾಳದ ಸುತ್ತುಗಳ) ಒಂದು ತಳಪಾಯ ಮತ್ತೆ ಮತ್ತೆ ಬರುತ್ತದೆ, ಅದರ ಮೇಲೆ ಕಟ್ಟಡ ಬದಲಾಗುತ್ತಾ ಹೋಗುತ್ತದೆ. ಅರ್ಧ ದಾರಿ ಕಳೆದ ಮೇಲೆ ಡಿ ಮೈನರ್‌ನಿಂದ ಡಿ ಮೇಜರ್‌ಗೆ ತಿರುಗುವ ಜಾಗ ಬರುತ್ತದೆ. ಅಲ್ಲಿ ವಾದಕರು ಧ್ವನಿಯನ್ನು ಎಷ್ಟು ತಗ್ಗಿಸುತ್ತಾರೆ, ಎಷ್ಟು ಹೊತ್ತು ಕಾಯುತ್ತಾರೆ ಎನ್ನುವುದರಲ್ಲಿ ಅವರ ಸ್ವಭಾವ ಗೊತ್ತಾಗುತ್ತದೆ.

ಇಲ್ಲಿನ ದೊಡ್ಡ ತೊಡಕು ನಾಲ್ಕು ಸ್ವರಗಳ ಸ್ವರಗುಚ್ಛ. ಪಿಟೀಲಿನ ಕುದುರೆ ಬಾಗಿರುವುದರಿಂದ ಕಮಾನು ಆರಾಮಾಗಿ ಮುಟ್ಟುವುದು ಎರಡು ತಂತಿ, ಒತ್ತಿದರೆ ಮೂರು. ಹಾಗಾಗಿ ಗುಚ್ಛವನ್ನು ಒಡೆಯಲೇಬೇಕು. ಕೆಳಗಿನ ಎರಡು ಸ್ವರಗಳನ್ನು ಜೋರಾಗಿ ಜಗ್ಗಿ ಮೇಲಿನ ಎರಡಕ್ಕೆ ಹಾರಿದರೆ ರಾಗದ ಎಳೆ ತುಂಡಾಗಿ, ಬರೀ ಹೊಡೆತ ಕೇಳುತ್ತದೆ. ಸುಸ್ತಾಗುವುದು ಬಹುಪಾಲು ಇದರಿಂದಲೇ. ನೇಥನ್ ಮಿಲ್‌ಸ್ಟೈನ್ ತಮ್ಮ 1973ರ ಮುದ್ರಣದಲ್ಲಿ ಈ ಗುಚ್ಛಗಳನ್ನು ಬೀಸಣಿಗೆ ಬಿಚ್ಚಿದಂತೆ ಹಗುರವಾಗಿ ಬಿಡಿಸುತ್ತಾರೆ. ಹೆನ್ರಿಕ್ ಷೆರಿಂಗ್ (1967) ಒಳಗಿನ ಪ್ರತಿಯೊಂದು ಎಳೆಯನ್ನೂ ಬಿಡಿಸಿ ತೋರಿಸುತ್ತಾರೆ. ಓದಿಕೊಂಡು ಕೇಳುವವರಿಗೆ ಅದೇ ಸರಿ. ಆರ್ಥರ್ ಗ್ರೂಮಿಯೊ (1960–61) ಎಲ್ಲಕ್ಕಿಂತ ಸಮನಾದ, ತಿಳಿಯಾದ ಧ್ವನಿ. ರೇಚಲ್ ಪಾಜರ್ 1990ರ ದಶಕದ ಕೊನೆಯಲ್ಲಿ ಬರೋಕ್ ಪಿಟೀಲಿನಲ್ಲಿ (ಬಾಖ್ ಕಾಲದ ಬಗೆಯ ಪಿಟೀಲು) ಮುದ್ರಿಸಿದ್ದಾರೆ, ಅಲ್ಲಿ ನೃತ್ಯದ ನಡೆ ಕಾಲಿಗೆ ತಟ್ಟುತ್ತದೆ. ಹಿಲರಿ ಹಾನ್ ಹದಿಹರೆಯದಲ್ಲಿ ಮಾಡಿ 1997ರಲ್ಲಿ ಹೊರಬಂದ ಮೊದಲ ಮುದ್ರಣದಲ್ಲಿ ಷಾಕೋನ್ ಹದಿನೇಳು ನಿಮಿಷ ಮೀರುತ್ತದೆ. ಅಷ್ಟು ನಿಧಾನದಲ್ಲೂ ಒಂದು ಸ್ವರವೂ ಜೋತುಬೀಳದಿರುವುದು ಬೆರಗು ಹುಟ್ಟಿಸುತ್ತದೆ.

ಸಿಬೆಲಿಯಸ್‌ಗೆ ಹೈಫೆಟ್ಸ್ ಮೇಲೋ, ಜಿನೆಟ್ ನೆವೊ ಮೇಲೋ?

ನೆವೊ. 1945ರ ನವೆಂಬರಿನಲ್ಲಿ ವಾಲ್ಟರ್ ಸಸ್‌ಕಿಂಡ್ ನಿರ್ದೇಶನದ ಫಿಲ್‌ಹಾರ್ಮೋನಿಯಾ ಜೊತೆ ಮುದ್ರಿಸಿದಾಗ ಅವರಿಗೆ 26 ವರ್ಷ. ಹೈಫೆಟ್ಸ್‌ರ 1959ರ ಮುದ್ರಣ ಹೆಚ್ಚು ಸ್ವಚ್ಛ, ಸ್ಟೀರಿಯೊ ಬೇರೆ. ಆದರೆ ನಿಧಾನ ಭಾಗದಲ್ಲಿ ಪಿಟೀಲು ಮಂದ್ರ ತಂತಿಯಲ್ಲಿ ರಾಗ ಎತ್ತಿಕೊಳ್ಳುವಾಗ ನೆವೊ ಕಮಾನಿನ ಒತ್ತಡ ಎಲ್ಲೂ ಸಡಿಲವಾಗುವುದಿಲ್ಲ. ಸ್ವರ ಮುಗಿಯಿತು ಎನ್ನುವಷ್ಟರಲ್ಲಿ ಇನ್ನಷ್ಟು ಉಬ್ಬುತ್ತದೆ. 1935ರ ವೀನ್ಯಾವ್‌ಸ್ಕಿ ಸ್ಪರ್ಧೆಯಲ್ಲಿ ಹದಿನೈದರ ನೆವೊ ಮೊದಲ ಸ್ಥಾನ, ಓಯಿಸ್ಟ್ರಾಖ್ ಎರಡನೆಯ ಸ್ಥಾನ. 1949ರ ಅಕ್ಟೋಬರ್ 28ರಂದು ಅಜೋರ್ಸ್ ದ್ವೀಪಗಳಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು, ಜೊತೆಗೆ ಪಿಯಾನೊ ವಾದಕನಾಗಿದ್ದ ಸಹೋದರನೂ. ಉಳಿದಿರುವುದು ಕೆಲವೇ ಮುದ್ರಣಗಳು. 1946ರ ಬ್ರಾಮ್ಸ್ ಕಾನ್ಸರ್ಟೊ (ಇಸ್ಸೈ ಡೊಬ್ರೊವೆನ್) ಕೂಡ ಬಿಡಬೇಡಿ.

ಈ ಕೃತಿಯನ್ನು ಚೆನ್ನಾಗಿ ಬಲ್ಲವರು ಲಿಯೊನಿಡಾಸ್ ಕವಾಕೋಸ್ ಮುದ್ರಣ ಹುಡುಕಿ. ಸಿಬೆಲಿಯಸ್ 1904ರ ಮೊದಲ ರೂಪವನ್ನು ಹಿಂತೆಗೆದುಕೊಂಡು 1905ರಲ್ಲಿ ತಿದ್ದಿದ. ಕವಾಕೋಸ್ ಎರಡೂ ರೂಪಗಳನ್ನು ಓಸ್ಮೊ ವ್ಯಾನ್ಸ್ಕಾ ಜೊತೆ ನುಡಿಸಿದ್ದಾರೆ. ಮೊದಲ ಭಾಗದಲ್ಲಿ ಸಿಬೆಲಿಯಸ್ ತೆಗೆದುಹಾಕಿದ ಎರಡನೆಯ ಕಡೆನ್ಜಾ ಅಲ್ಲಿ ಸಿಗುತ್ತದೆ.

ಹಳೆಯ ರೆಕಾರ್ಡಿನಲ್ಲಿ ಕರಕರ ಸದ್ದು ಬಿಟ್ಟರೆ ಏನೂ ಕೇಳಲ್ಲ. ಏನು ಮಾಡೋದು?

ಮೊದಲು ಇಸವಿ ನೋಡಿ. 1925ಕ್ಕೆ ಮೊದಲಿನದಾದರೆ ಮೈಕ್ ಇಲ್ಲ. ವಾದಕರು ಕಹಳೆಯೊಂದರ ಬಾಯಿಗೆ ನುಡಿಸುತ್ತಿದ್ದರು. ಅದು ಹಿಡಿಯುತ್ತಿದ್ದದ್ದು ಸುಮಾರು 250ರಿಂದ 2,500 ಹರ್ಟ್ಸ್. ಪಿಟೀಲಿನ ಬಿಡಿ ಜಿ ತಂತಿ 196 ಹರ್ಟ್ಸ್, ಅಂದರೆ ಆ ತಂತಿಯ ಮೂಲಸ್ವರವೇ ಕಹಳೆಗೆ ಸರಿಯಾಗಿ ಹೋಗುತ್ತಿರಲಿಲ್ಲ. ಮೇಲಿನ ಉಪಸ್ವರಗಳಿಂದ ನಮ್ಮ ಕಿವಿಯೇ ಅದನ್ನು ತುಂಬಿಕೊಳ್ಳುತ್ತದೆ. ಇಂಥ ಮುದ್ರಣಕ್ಕೆ ಈಕ್ವಲೈಜರಿನಲ್ಲಿ 5,000 ಹರ್ಟ್ಸ್‌ಗಿಂತ ಮೇಲಿನದನ್ನು ತಗ್ಗಿಸಿದರೆ ಸಂಗೀತಕ್ಕೆ ನಷ್ಟವಿಲ್ಲ, ಬರೀ ಸುಯ್ಯೆನ್ನುವ ಸದ್ದು ಇಳಿಯುತ್ತದೆ. 1925ರ ನಂತರದ ವಿದ್ಯುತ್ ಮುದ್ರಣಗಳಿಗೆ ಹೀಗೆ ಮಾಡಬೇಡಿ, ಪಿಟೀಲಿನ ಹೊಳಪು ಹೋಗುತ್ತದೆ.

ಸದ್ದೇ ಇಲ್ಲದಂತೆ ತೊಳೆದ ಮರುಬಿಡುಗಡೆಗಳನ್ನು ನಂಬಬೇಡಿ. ಕರಕರದ ಜೊತೆಗೆ ಉಪಸ್ವರಗಳೂ ಕೊಚ್ಚಿಹೋಗಿ ಪಿಟೀಲು ಹತ್ತಿಯಲ್ಲಿ ಸುತ್ತಿಟ್ಟಂತೆ ಕೇಳುತ್ತದೆ. ಇಯರ್‌ಫೋನ್ ಬಿಟ್ಟು ಸ್ಪೀಕರಿನಲ್ಲಿ ಕೇಳಿ. ಐದು ನಿಮಿಷದಲ್ಲಿ ಕಿವಿ ಕರಕರವನ್ನು ಪಕ್ಕಕ್ಕಿಡುತ್ತದೆ.

## ಆಳಕ್ಕೆ ಇಳಿಯುವವರಿಗೆ

ಹತ್ತೊಂಬತ್ತನೆಯ ಶತಮಾನದ ವಾದಕರು ಹೇಗೆ ನುಡಿಸ್ತಿದ್ದರು ಅಂತ ಕೇಳೋಕೆ ಏನಾದರೂ ಉಳಿದಿದೆಯಾ?

ಉಳಿದಿದೆ. ಬ್ರಾಮ್ಸ್ ತನ್ನ ಕಾನ್ಸರ್ಟೊ ಅರ್ಪಿಸಿದ್ದು ಪಿಟೀಲು ವಾದಕ ಯೋಸೆಫ್ ಯೋಆಖಿಂಗೆ. ಆತ 1831ರಲ್ಲಿ ಹುಟ್ಟಿದವ. 1903ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಐದು ತುಣುಕುಗಳನ್ನು ಮುದ್ರಿಸಿದ: ಒಂಟಿ ಪಿಟೀಲಿನ ಬಾಖ್ ಎರಡು, ಬ್ರಾಮ್ಸ್‌ನ ಹಂಗೇರಿಯನ್ ನೃತ್ಯ ಎರಡು, ತನ್ನದೇ ರೊಮಾನ್ಸ್ ಒಂದು. ಬೆರಳು ಸೋತಿವೆ, ಶ್ರುತಿ ಅಲ್ಲಲ್ಲಿ ಜಾರುತ್ತದೆ. ಆದರೂ ಬಾಖ್‌ನ ಅಡಾಜಿಯೊ ಕೇಳಿ: ಸ್ವರಗಳು ಬಹುತೇಕ ಕಂಪನವಿಲ್ಲದೆ ನೇರ ನಿಲ್ಲುತ್ತವೆ, ಕಂಪನ ಬರುವುದು ಆಯ್ದ ಸ್ವರಗಳಿಗೆ ಮಾತ್ರ. ಪ್ರತಿ ಸ್ವರಕ್ಕೂ ಕಂಪನ ಹಚ್ಚುವ ರೂಢಿ ಬೇರೂರಿದ್ದು ಕ್ರೈಸ್ಲರ್ ಕಾಲದಲ್ಲಿ. ಸ್ಪೇನಿನ ವಾದಕ ಸರಸಾತೆ 1904ರಲ್ಲಿ ತನ್ನ 'ತ್ಸಿಗೋಯ್ನರ್‌ವೈಸನ್' ಮುದ್ರಿಸುವಾಗ, ವೇಗದ ಭಾಗ ಶುರುವಾಗುವ ಮುನ್ನ ಆತನ ಮಾತಿನ ದನಿಯೇ ಗ್ರಾಮೊಫೋನ್ ಪ್ಲೇಟಿನಲ್ಲಿ ಸೇರಿಕೊಂಡಿದೆ.

ಸಂಯೋಜಕರೇ ಜೊತೆಗಿದ್ದ ಮುದ್ರಣಗಳಲ್ಲಿ ಯಾವುದು ಮುಖ್ಯ?

ಎಲ್ಗರ್ ಕಾನ್ಸರ್ಟೊ, 1932ರ ಜುಲೈ 14 ಮತ್ತು 15, ಲಂಡನ್ನಿನ ಆಬಿ ರೋಡ್. ನಿರ್ದೇಶಿಸಿದ ಎಲ್ಗರ್‌ಗೆ 75, ನುಡಿಸಿದ ಮೆನುಹಿನ್‌ಗೆ 16. ಕೃತಿಯನ್ನು 1910ರಲ್ಲಿ ಮೊದಲು ನುಡಿಸಿದ ಕ್ರೈಸ್ಲರ್ ಅದನ್ನು ಮುದ್ರಿಸಲೇ ಇಲ್ಲ. ಕೊನೆಯ ಭಾಗದ ಕಡೆನ್ಜಾದಲ್ಲಿ ವಾದ್ಯವೃಂದ ಸುಮ್ಮನಾಗುವುದಿಲ್ಲ. ತಂತಿ ವಾದ್ಯದವರು ಬೆರಳ ತುದಿಯಿಂದ ತಂತಿಗಳನ್ನು ಮೃದುವಾಗಿ ಸವರಿ ಗುಂಯ್ ಎನ್ನುವ ಹಿನ್ನೆಲೆ ಕೊಡುತ್ತಾರೆ. 1932ರ ಮೈಕ್ ಅದನ್ನೂ ಹಿಡಿದಿದೆ, ಧ್ವನಿ ಸ್ವಲ್ಪ ಏರಿಸಿ ಕೇಳಿ.

ಎರಡನೆಯದು ಯೋಸೆಫ್ ಸಿಗೆಟಿ ಮತ್ತು ಪಿಯಾನೊದಲ್ಲಿ ಸ್ವತಃ ಬಾರ್ಟೋಕ್, 1940ರ ಏಪ್ರಿಲ್ 13, ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ನಡೆದ ಸಂಗೀತ ಕಛೇರಿ. ಬೀಥೋವನ್‌ನ 'ಕ್ರೊಯ್ಟ್ಸರ್', ದೆಬ್ಯುಸಿ, ಬಾರ್ಟೋಕ್‌ನ ಎರಡನೆಯ ಸೊನಾಟಾ ಎಲ್ಲ ಅದರಲ್ಲಿವೆ.

ಮೂರನೆಯದರಲ್ಲಿ ಜೊತೆಗಿದ್ದದ್ದು ಸಂಯೋಜಕನಲ್ಲ, ಆತನ ಗೆಳೆಯ. ಬೆರ್ಗ್ ಕಾನ್ಸರ್ಟೊ ಮೊದಲು ನುಡಿದದ್ದು ಬೆರ್ಗ್ ತೀರಿಕೊಂಡ ಮೇಲೆ. ಗೆಳೆಯ ವೆಬರ್ನ್ ನಿರ್ದೇಶಿಸಿ, ಲೂಯಿ ಕ್ರಾಸ್ನರ್ ನುಡಿಸಿದ 1936ರ ಮೇ 1ರ ಲಂಡನ್ ಕಛೇರಿ ಕ್ರಾಸ್ನರ್ ಜೋಪಾನ ಮಾಡಿದ ಪ್ಲೇಟುಗಳಿಂದ ಉಳಿಯಿತು. ಧ್ವನಿ ತೀರಾ ಕಳಪೆ. ಕೃತಿ ಗೊತ್ತಿಲ್ಲದವರು ಮೊದಲು ಇಸಾಬೆಲ್ ಫೌಸ್ಟ್ ಮತ್ತು ಅಬ್ಬಾಡೊ ಮುದ್ರಣ ಕೇಳಿ ಬನ್ನಿ.

ಚೈಕೋವ್‌ಸ್ಕಿ ಕಾನ್ಸರ್ಟೊ ಹೈಫೆಟ್ಸ್ ನುಡಿಸಿದ್ದು ಬೇಗ ಮುಗಿಯುತ್ತೆ. ವೇಗ ಮಾತ್ರ ಕಾರಣನಾ?

ಇಲ್ಲ, ಕತ್ತರಿಯೂ ಕಾರಣ. ಹೈಫೆಟ್ಸ್‌ರ ಗುರು ಲಿಯೊಪಾಲ್ಡ್ ಔರ್ ಕೊನೆಯ ಭಾಗದಲ್ಲಿ ಪುನರಾವರ್ತನೆಯ ಸಾಲುಗಳನ್ನು ಕತ್ತರಿಸಿ ಸ್ವರಲಿಪಿಯ ತಮ್ಮದೇ ಆವೃತ್ತಿ ಸಿದ್ಧಪಡಿಸಿದ್ದರು. ಶಿಷ್ಯರು ಅದನ್ನೇ ಹಿಡಿದರು, 1957ರಲ್ಲಿ ರೈನರ್ ಜೊತೆ ಮಾಡಿದ ಮುದ್ರಣದಲ್ಲೂ ಅದೇ ಇದೆ. ಸ್ವರಲಿಪಿ ಹಿಡಿದು ಕೇಳುವವರು ಅಲ್ಲಿ ದಾರಿ ತಪ್ಪುತ್ತಾರೆ. ಕತ್ತರಿಸದ ಪೂರ್ತಿ ಆವೃತ್ತಿ ಬೇಕಾದರೆ ಇಂದಿನ ವಾದಕರಲ್ಲಿ ಹುಡುಕಿ.

ರೆಕಾರ್ಡ್ ಜೊತೆ ನುಡಿಸೋಕೆ ಹೋದರೆ ಶ್ರುತಿ ಅರ್ಧ ಸ್ವರ ಹೆಚ್ಚು-ಕಡಿಮೆ ಆಗುತ್ತೆ. ನನ್ನ ಪಿಟೀಲು ಸರಿ ಇಲ್ವಾ?

ಪಿಟೀಲು ಸರಿ ಇದೆ. ಬರೋಕ್ ವಾದ್ಯದ ಮುದ್ರಣವಾದರೆ ಎ ಸ್ವರ 440ರ ಬದಲು ಸಾಮಾನ್ಯವಾಗಿ 415 ಹರ್ಟ್ಸ್, ಸರಿಯಾಗಿ ಅರ್ಧ ಸ್ವರ ಕೆಳಗೆ. ಹಳೆಯ ಪ್ಲೇಟಾದರೆ ವೇಗದ ದೋಷ. '78' ಎಂದು ಕರೆದರೂ ಆರಂಭದ ಪ್ಲೇಟುಗಳು ನಿಖರವಾಗಿ ನಿಮಿಷಕ್ಕೆ 78 ಸುತ್ತಿನ ವೇಗದಲ್ಲಿ ಮುದ್ರಣವಾಗಿಲ್ಲ. 74ರಲ್ಲಿ ಮುದ್ರಿಸಿದ್ದನ್ನು 78ರಲ್ಲಿ ತಿರುಗಿಸಿದರೆ ಶ್ರುತಿ ಸುಮಾರು 0.9 ಅರ್ಧಸ್ವರ ಏರುತ್ತದೆ, ವೇಗವೂ ಶೇ 5ರಷ್ಟು ಹೆಚ್ಚುತ್ತದೆ, ಕಂಪನವೂ ಅವಸರದ್ದಾಗಿ ಕೇಳುತ್ತದೆ. ಕೃತಿಯ ಶ್ರುತಿ ಗೊತ್ತಿದ್ದರೆ ಬಿಡಿ ತಂತಿ ಮೊಳಗುವ ಜಾಗದಲ್ಲಿ ಟ್ಯೂನರ್ ಹಿಡಿದು ನೋಡಿ. ಆಡಿಯೊ ಸಾಫ್ಟ್‌ವೇರಿನಲ್ಲಿ ತಿದ್ದುವಾಗ ವೇಗ ಮತ್ತು ಶ್ರುತಿ ಎರಡನ್ನೂ ಒಟ್ಟಿಗೆ ಬದಲಿಸಿ. ಶ್ರುತಿ ಒಂದನ್ನೇ ಇಳಿಸಿದರೆ ತಪ್ಪು ವೇಗ ಹಾಗೇ ಉಳಿಯುತ್ತದೆ.

ಸ್ಟುಡಿಯೊ ಮುದ್ರಣ ಅಂದ್ರೆ ಕತ್ತರಿಸಿ ಅಂಟಿಸಿದ್ದು. ಲೈವ್ ಮಾತ್ರ ನಿಜ ಅಲ್ವಾ?

1940ರ ದಶಕದ ಕೊನೆಯಲ್ಲಿ ಟೇಪು ಬರುವವರೆಗೆ ಸ್ಟುಡಿಯೊದಲ್ಲೂ ಕತ್ತರಿಸಿ ಅಂಟಿಸಲು ಆಗುತ್ತಿರಲಿಲ್ಲ. ಪ್ಲೇಟಿನ ಒಂದು ಮುಖಕ್ಕೆ ನಾಲ್ಕರಿಂದ ಐದು ನಿಮಿಷ, ತಪ್ಪಿದರೆ ಆ ಮುಖವನ್ನು ಮೊದಲಿಂದ. ಹಾಗಾಗಿ ನೆವೊ 1945ರಲ್ಲಿ ನುಡಿಸಿದ್ದು ಪ್ರತಿ ಮುಖವೂ ಒಂದೇ ಉಸಿರಿನದು.

ಹಾಗೆಂದು ಕೈಚಳಕ ಇರಲಿಲ್ಲ ಎಂದಲ್ಲ. ಬಾಖ್‌ನ ಎರಡು ಪಿಟೀಲಿನ ಕಾನ್ಸರ್ಟೊವನ್ನು ಹೈಫೆಟ್ಸ್ 1946ರಲ್ಲಿ ಒಬ್ಬರೇ ನುಡಿಸಿದರು: ಮೊದಲು ಒಂದು ಪಾಲು ಮುದ್ರಿಸಿ, ಅದನ್ನು ಕೇಳುತ್ತಾ ಇನ್ನೊಂದು. ಇದನ್ನು ಮೆನುಹಿನ್ ಮತ್ತು ಅವರ ಗುರು ಎನೆಸ್ಕು 1932ರಲ್ಲಿ ಮಾಡಿದ ಮುದ್ರಣದ ಪಕ್ಕದಲ್ಲಿಡಿ. ಹೈಫೆಟ್ಸ್‌ರದ್ದರಲ್ಲಿ ಎರಡೂ ದನಿ ಒಂದೇ ಗಂಟಲಿನದು, ಯಾರು ಯಾವಾಗ ಬಂದರು ಎಂದೇ ತಿಳಿಯದು. ಮೆನುಹಿನ್, ಎನೆಸ್ಕು ನಿಧಾನ ಭಾಗದಲ್ಲಿ ಒಬ್ಬರು ಬಿಟ್ಟ ಸಾಲನ್ನು ಇನ್ನೊಬ್ಬರು ಎತ್ತಿಕೊಳ್ಳುವಾಗ ದನಿಯ ಬಣ್ಣ ಬದಲಾಗುತ್ತದೆ, ಅದೇ ಆ ಭಾಗದ ಜೀವ.

ಎರಡು ಮುದ್ರಣ ಹೋಲಿಸಿದರೆ ಎರಡನೆಯದೇ ಯಾವಾಗಲೂ ಚೆನ್ನಾಗಿದೆ ಅನ್ನಿಸುತ್ತೆ. ಸರಿಯಾಗಿ ಹೋಲಿಸೋದು ಹೇಗೆ?

ಮೊದಲು ಧ್ವನಿಯ ಮಟ್ಟ ಸಮ ಮಾಡಿ. ಒಂದು ಡೆಸಿಬೆಲ್ ಜೋರಾಗಿದ್ದರೂ ಕಿವಿ ಅದನ್ನೇ 'ಚೆನ್ನಾಗಿದೆ' ಎನ್ನುತ್ತದೆ. ಆಮೇಲೆ ಒಂದೂವರೆ ನಿಮಿಷದ ಒಂದೇ ಜಾಗ ಆರಿಸಿ, ಇಡೀ ಭಾಗ ಬೇಡ. ಮೊದಲ ಸಲ ಅ-ಆ, ಮರುದಿನ ಆ-ಅ ಕ್ರಮದಲ್ಲಿ ಕೇಳಿ. ಪ್ರತಿ ಸಲ ಒಂದೇ ವಿಷಯ ಹಿಡಿಯಿರಿ: ಒಂದು ದಿನ ಕಮಾನು ದಿಕ್ಕು ಬದಲಿಸುವ ಜಾಗ, ಇನ್ನೊಂದು ದಿನ ಬೆರಳಿನ ಜಾರು.

ಅಭ್ಯಾಸಕ್ಕೆ ಷೋಸ್ಟಕೋವಿಚ್‌ನ ಮೊದಲ ಕಾನ್ಸರ್ಟೊ ಒಳ್ಳೆಯದು. ವಾದಕ ಒಬ್ಬರೇ, ಓಯಿಸ್ಟ್ರಾಖ್. ಒಂದು 1956ರ ಜನವರಿಯಲ್ಲಿ ಮಿಟ್ರೊಪೌಲಸ್ ಜೊತೆ ನ್ಯೂಯಾರ್ಕಿನಲ್ಲಿ, ಇನ್ನೊಂದು ಅದೇ ವರ್ಷ ಮ್ರಾವಿನ್ಸ್‌ಕಿ ಜೊತೆ ಲೆನಿನ್‌ಗ್ರಾಡ್ ಫಿಲ್‌ಹಾರ್ಮೋನಿಕ್. ಮೂರನೆಯ ಭಾಗದ ಕೊನೆಯ ಉದ್ದನೆಯ ಕಡೆನ್ಜಾ ಹಾಕಿ, ಅದು ನಾಲ್ಕನೆಯ ಭಾಗಕ್ಕೆ ನುಗ್ಗುವವರೆಗೆ ನಿಲ್ಲಿಸಬೇಡಿ. ಆ ಭಾಗದ ಆರಂಭವನ್ನು ಷೋಸ್ಟಕೋವಿಚ್ ಮೊದಲು ಪಿಟೀಲಿಗೇ ಕೊಟ್ಟಿದ್ದ. ಹಣೆಯ ಬೆವರು ಒರೆಸಿಕೊಳ್ಳಲಾದರೂ ಬಿಡುವು ಕೊಡಿ ಎಂದು ಓಯಿಸ್ಟ್ರಾಖ್ ಕೇಳಿಕೊಂಡ ಮೇಲೆ ಅದನ್ನು ವಾದ್ಯವೃಂದಕ್ಕೆ ವರ್ಗಾಯಿಸಿದ. ಎರಡು ಮುದ್ರಣಗಳಲ್ಲೂ ಆ ಬಿಡುವಿನ ನಂತರ ಪಿಟೀಲು ಮರಳಿ ಬರುವ ಮೊದಲ ಸ್ವರವನ್ನು ಹೋಲಿಸಿ ನೋಡಿ.